ಲಾಟರಿಯಲ್ಲಿ ಗೆದ್ದ ಫಲಕ

"ಕೊಡಲ್ಲ," ಎಂದ ಇದ್ರಿಸ್, ಮುಷ್ಟಿಯಲ್ಲಿದ್ದ ಕಾಳನ್ನು ಗೂಡಿನ ನೆಲಕ್ಕೆ ಎರಚುತ್ತ. "ದುಡ್ಡು ಕೊಟ್ಟು ಗೆದ್ದಿದ್ದು ನಾನು. ಐದು ಟಿಕೆಟ್. ಹಂದಿ ತೊಡೆ ಬರ್ಲಿ ಅಂತ ತಗೊಂಡೆ, ಇದು ಬಂತು."

ಹೇಡನ್ ಪ್ರೋಸರ್ ತಲೆ ತಗ್ಗಿಸಿಕೊಂಡು ಪಾರಿವಾಳದ ಗೂಡಿನ ಬಾಗಿಲಲ್ಲಿ ನಿಂತಿದ್ದ. ಎದುರಿನ ಹಲಗೆಗೋಡೆಗೆ ಆ ನೀಲಿ ಫಲಕವನ್ನು ಮೊಳೆ ಹೊಡೆದು ಕೂರಿಸಲಾಗಿತ್ತು. ಹನ್ನೆರಡು ಹಳದಿ ನಕ್ಷತ್ರಗಳಲ್ಲಿ ಏಳು ಹಿಕ್ಕೆಯ ಅಡಿಯಲ್ಲಿ ಮುಚ್ಚಿಹೋಗಿದ್ದವು.

"ಹನ್ನೊಂದು ಗಂಟೆಗೆ ಕಾರ್ಡಿಫ್‌ನಿಂದ ಆಡಿಟ್‌ನವಳು ಬರ್ತಾಳೆ ಕಣೋ. ಅಷ್ಟರಲ್ಲಿ ಇದು ಕಾರ್ಮಿಕರ ಹಾಲ್‌ನ ಬಾಗಿಲ ಪಕ್ಕ ಇರಬೇಕು. ಇಲ್ದಿದ್ರೆ ಅನುದಾನದ ಕೊನೇ ಕಂತು ಇಲ್ಲ."

"ಬೇಡ ಬಿಡು. ಆ ಐರೋಪ್ಯ ಒಕ್ಕೂಟದವರ ಹತ್ರ ನಾವ್ಯಾಕೆ ಕೈ ಚಾಚಬೇಕು? ಬಿಟ್ಟು ಹೋಗೋಕೆ ನಮ್ಮ ಹತ್ರಾನೇ ಮೂವತ್ತೊಂಬತ್ತು ಬಿಲಿಯನ್ ಪೌಂಡ್ ಕೇಳ್ತಾ ಕೂತಿದ್ದಾರೆ. ಊಟ ಮುಗಿಸಿ ಎದ್ದೋನಿಗೆ, ನೀನಿಲ್ಲಿ ಕೂತಿದ್ದ ಕುರ್ಚಿಗೂ ಬಾಡಿಗೆ ಕೊಡು ಅಂದ ಹಾಗೆ. ಒಂದು ಪೆನ್ನಿ ಕೊಡಬಾರದು."

"ನಮಗೆ ಬರಬೇಕಾದ ನಲವತ್ತೊಂದು ಸಾವಿರದ ಕಂತು ಆ ಮೂವತ್ತೊಂಬತ್ತರ ಒಳಗೇ ಇದೆ. ಒಕ್ಕೂಟದಲ್ಲಿದ್ದಾಗ ಒಪ್ಪಿಕೊಂಡ ಕೆಲಸಕ್ಕೆಲ್ಲ ಅದರಿಂದಾನೇ ಕೊಡೋದಂತೆ."

"ಯಾರು ಹೇಳಿದ್ದು?"

"ಗೇನರ್."

ಗೇನರ್ ಹಾಲ್‌ನ ಕಾರ್ಯದರ್ಶಿ. ಬಂದ ಕಾಗದವನ್ನೆಲ್ಲ ಕೊನೆಯ ಸಾಲಿನವರೆಗೂ ಓದುವವಳು ಈ ಕಣಿವೆಯಲ್ಲಿ ಅವಳೊಬ್ಬಳೇ. "ಅವಳು ಹೇಳಿದ್ರೆ ಇರುತ್ತೆ," ಎಂದು ಗೊಣಗಿ ಇದ್ರಿಸ್ ಇಕ್ಕಳ ಹುಡುಕಿದ. "ಸಂಜೆ ವಾಪಸ್ ತಂದ್ಕೊಡು. ಇದನ್ನ ತೆಗೆದ್ರೆ ಗಾಳಿ ನುಗ್ಗುತ್ತೆ. ಮರಿ ಇವೆ."

ಪಾಂಟ್‌ಹೆಲಿಗ್‌ನ ಕಾರ್ಮಿಕರ ಸಭಾಭವನವಾದ ಈ ಹಾಲ್ ಕಟ್ಟಿಸಿದ್ದು ಹೇಡನ್‌ನ ಮುತ್ತಜ್ಜನ ಕಾಲದವರು, ವಾರದ ಕೂಲಿಯಲ್ಲಿ ತಲಾ ಒಂದೊಂದು ಪೆನ್ನಿ ಎತ್ತಿಟ್ಟು. ಆಮೇಲೆ ಗಣಿ ಮುಚ್ಚಿತು. ಹೇಡನ್ ದುಡಿದ ಉಕ್ಕಿನ ಕಾರ್ಖಾನೆಯೂ ಮುಚ್ಚಿತು. ಉಳಿದದ್ದು ಹಾಲ್, ಅದರ ಸೋರುವ ಮಾಡು. ನಾಲ್ಕು ವರ್ಷದ ಹಿಂದೆ ಮಾಡಿಗೂ ಹೊಸ ಅಡುಗೆಮನೆಗೂ ಐರೋಪ್ಯ ಒಕ್ಕೂಟ ಹಣ ಕೊಡಲು ಒಪ್ಪಿತು. ದುಡ್ಡು ಯಾರದು ಎಂದು ಹೇಳುವ ಫಲಕ ಬಾಗಿಲ ಬಳಿ ಸದಾ ಇರಬೇಕೆಂಬುದು ಷರತ್ತುಗಳಲ್ಲೊಂದು.

ಎರಡು ವರ್ಷದ ಹಿಂದೆ, ಜೂನ್‌ನಲ್ಲಿ, ಒಕ್ಕೂಟ ಬಿಟ್ಟು ಹೊರಡೋಣವೆಂದು ದೇಶ ವೋಟು ಹಾಕಿತು. ಪಾಂಟ್‌ಹೆಲಿಗ್‌ನಲ್ಲಂತೂ ಮೂವರಲ್ಲಿ ಇಬ್ಬರು ಹಾಗೆ ಹಾಕಿದ್ದರು. ಫಲಿತಾಂಶ ಬಂದ ಬೆಳಿಗ್ಗೆ ಹಾಲ್‌ನ ಅಧ್ಯಕ್ಷನಾದ ಹೇಡನ್ ತಾನೇ ಸ್ಕ್ರೂಡ್ರೈವರ್ ತಂದು ಫಲಕ ಬಿಚ್ಚಿದ. ಜನ ಚಪ್ಪಾಳೆ ತಟ್ಟಿದರು. ಆ ಶನಿವಾರ ಅದನ್ನು ವಾರದ ಮಾಂಸದ ಲಾಟರಿಗೆ ಇಟ್ಟರು: ಎರಡು ಹಂದಿ ತೊಡೆ, ಒಂದು ಬಾಟಲಿ ವಿಸ್ಕಿ, ಒಂದು ಫಲಕ. ನೂರ ಹನ್ನೆರಡು ಪೌಂಡ್ ಕೂಡಿತು. ಅದನ್ನು ಮಾಡಿನ ನಿಧಿಗೇ ಹಾಕಿದರು. ಇದರಲ್ಲೇನೋ ವಿಚಿತ್ರವಿದೆ ಎಂದು ಆಗ ಯಾರಿಗೂ ಅನ್ನಿಸಲಿಲ್ಲ.

ಕಂಟ್ರಾಕ್ಟರ್ ಟ್ಯೂಡರ್ ಕೊನೆಯ ಕಂತಿನ ಭರವಸೆಯ ಮೇಲೆ ಕೆಲಸ ಮುಗಿಸಿ ಹನ್ನೊಂದು ತಿಂಗಳಾಗಿತ್ತು. ಒಳ್ಳೆಯ ಮನುಷ್ಯ, ಈಗ ಅವನ ಕತ್ತಿನ ಮೇಲೂ ಬ್ಯಾಂಕು ಕೂತಿತ್ತು. ನಾಳೆ ಸಂಜೆಯೊಳಗೆ ಕಾರ್ಡಿಫ್‌ನ ಒಪ್ಪಿಗೆ ಸಿಗದಿದ್ದರೆ ಶನಿವಾರ ಬಂದು ಒಲೆ, ಫ್ರಿಜ್ಜು ಕಳಚಿಕೊಂಡು ಹೋಗುವುದಾಗಿ ಹೇಳಿದ್ದ. ಹೇಳುವಾಗ ಅವನು ಹೇಡನ್‌ನ ಮುಖ ನೋಡಿರಲಿಲ್ಲ. ಒಲೆ ಹೋದರೆ ಸೋಮವಾರದಿಂದ ಗುರುವಾರದವರೆಗೆ ಇಪ್ಪತ್ಮೂರು ಮುದುಕ ಮುದುಕಿಯರು ಉಣ್ಣುವ ಬಿಸಿಯೂಟವೂ ಹೋಗುತ್ತದೆ. ಆಮೇಲೆ ಹಾಲ್ ಕೂಡ ಉಳಿಯುವುದಿಲ್ಲ. ನ್ಯೂಪೋರ್ಟಿನ ಕಾರ್ಪೆಟ್ ವ್ಯಾಪಾರಿಯೊಬ್ಬ ಕಟ್ಟಡ ಕೊಳ್ಳಲೆಂದು ಆಗಲೇ ಎರಡು ಸಲ ಬಂದು ಟೇಪು ಹಿಡಿದು ಅಳೆದುಕೊಂಡು ಹೋಗಿದ್ದ.

ಅಡುಗೆಮನೆಯ ಸಿಂಕಿನಲ್ಲಿ ಗೇನರ್ ವಿನೆಗರ್ ಹಾಕಿ ಫಲಕ ಉಜ್ಜಿದಳು. "ನಮ್ಮ ಹಕ್ಕಿಗಳೂ ಇದರ ಮೇಲೇ ವೋಟು ಹಾಕಿವೆ ನೋಡು," ಎಂದಳು. ಹೇಡನ್ ನಗಲಿಲ್ಲ. ಗೋಡೆಯಲ್ಲಿದ್ದ ನಾಲ್ಕು ಹಳೆಯ ತೂತುಗಳನ್ನು ಫಲಕ ಬಿಚ್ಚಿದ ದಿನ ಅವನೇ ಗಾರೆ ತುಂಬಿ, ನಯಮಾಡಿ, ಬಣ್ಣ ಹಚ್ಚಿದ್ದ. ಅಚ್ಚುಕಟ್ಟಾದ ಕೆಲಸ. ಈಗ ಎಲ್ಲಿವೆ ಎಂದು ಗೊತ್ತಾಗಲಿಲ್ಲ. ಹೊಸದಾಗಿ ಕೊರೆದ.

ಆಡಿಟ್‌ನ ನೆರಿಸ್ ಹವೆಲ್ ಹತ್ತು ನಿಮಿಷ ಮೊದಲೇ ಬಂದಳು. ಮೂವತ್ತರ ಆಸುಪಾಸು, ನವೆಂಬರ್ ಗಾಳಿಗೆ ಕೆಂಪಾದ ಮೂಗು. ಮಾಡು ನೋಡಿದಳು, ಅಡುಗೆಮನೆ ನೋಡಿದಳು, ಎರಡು ಕಪ್ ಚಹಾ ಕುಡಿದಳು, ರಸೀದಿಗಳನ್ನು ಒಂದೊಂದಾಗಿ ತಿರುವಿ ಹಾಕಿದಳು.

"ಇಷ್ಟು ಒಪ್ಪವಾಗಿಟ್ಟಿರೋ ಫೈಲು ಈ ವರ್ಷ ನಾನು ನೋಡಿಲ್ಲ," ಎಂದಳು. ಗೇನರ್‌ಳ ಕತ್ತು ಕೆಂಪಾಯಿತು.

ಆಮೇಲೆ ಫಲಕದ ಫೋಟೋ ತೆಗೆದು ಒಂದು ಹಾಳೆ ಮುಂದೆ ತಳ್ಳಿದಳು. "ಇದೊಂದು ಪ್ರೋಸರ್ ಅವರೇ. ಕೆಲಸ ಶುರುವಾದ ದಿನದಿಂದ ಈವತ್ತಿನವರೆಗೆ ಫಲಕ ಒಂದೇ ಸಮ ಗೋಡೆ ಮೇಲಿತ್ತು ಅಂತ. ಇಲ್ಲಿ ಸಹಿ."

ಮೂವತ್ತೊಂದು ವರ್ಷದ ನೌಕರಿಯಲ್ಲಿ ಮಾಡದ ಪಾಳಿಗೆ ಹೇಡನ್ ಒಂದು ಸಲವೂ ಸಹಿ ಹಾಕಿರಲಿಲ್ಲ. ಗೇನರ್ ಕಿಟಕಿಯ ಕಡೆ ತಿರುಗಿದಳು. ಅವನು ಸಹಿ ಹಾಕಿದ, ಎಂದಿಗಿಂತ ಸ್ವಲ್ಪ ದೊಡ್ಡದಾಗಿ.

"ಮುಗೀತು," ಎಂದು ಆಕೆ ನಕ್ಕಳು. "ಕೈ ತೊಳೆಯೋಕೆ ಎಲ್ಲಿ?"

"ಹಿಂದೆ, ಪ್ಯಾಸೇಜಿನ ಕೊನೇಲಿ."

ಅವಳು ಅತ್ತ ಹೋದಳು. ಗೇನರ್ ಮೇಜಿನಡಿಯಲ್ಲಿ ಹೇಡನ್‌ನ ಮಣಿಕಟ್ಟು ಹಿಡಿದು ಒಮ್ಮೆ ಅದುಮಿದಳು. ಐದು ನಿಮಿಷವಾಯಿತು, ಎಂಟಾಯಿತು. ಹೇಡನ್ ಎದ್ದು ಹೋದ.

ನೆರಿಸ್ ಪ್ಯಾಸೇಜಿನಲ್ಲಿ ಗೋಡೆಯ ಮುಂದೆ ನಿಂತಿದ್ದಳು. ಗಾಯನ ತಂಡದ ಹಳೆಯ ಚಿತ್ರಕ್ಕೂ ಫುಟ್‌ಬಾಲ್ ತಂಡದ ಚಿತ್ರಕ್ಕೂ ನಡುವೆ ಇನ್ನೊಂದಿತ್ತು: ಹೇಡನ್‌ನ ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದರಲ್ಲಿ ಎತ್ತಿ ಹಿಡಿದ ಫಲಕ, ಬಾಯಿ ತುಂಬ ನಗು, ಸುತ್ತ ಮೂವತ್ತು ಜನ. ಕೆಳಗೆ ಗೇನರ್‌ಳ ದುಂಡು ಅಕ್ಷರದಲ್ಲಿ ತಾರೀಖು. ದಿನಕ್ಕೆ ಹತ್ತು ಸಲ ಹೇಡನ್ ಅದನ್ನು ದಾಟಿ ಓಡಾಡುತ್ತಿದ್ದ. ಆಡಿಟ್‌ನವಳು ಬರುತ್ತಾಳೆಂದು ಆ ಬೆಳಿಗ್ಗೆ ಅದರ ಗಾಜು ಒರೆಸಿದವನೂ ಅವನೇ.

"ಆಗ ನಿಮ್ಮ ಕೂದಲು ಇಷ್ಟು ಬೆಳ್ಳಗಿರ್ಲಿಲ್ಲ," ಎಂದಳು ನೆರಿಸ್.

ಹೇಡನ್ ಚಿತ್ರ ತೆಗೆಯಲು ಕೈ ಎತ್ತಿ, ಇಳಿಸಿದ.

"ಬೇರೆ ವರ್ಷ ಆಗಿದ್ರೆ ನೂರಕ್ಕೆ ಎರಡು ಕಡಿತ ಹಾಕಿ ಮುಗಿಸ್ತಿದ್ದೆ. ಈಗ ಹಾಗಿಲ್ಲ. ಮಾರ್ಚ್‌ನಲ್ಲಿ ಒಕ್ಕೂಟ ಬಿಟ್ಟ ಮೇಲೆ ಯಾರು ಕೊಡೋದು, ಎಷ್ಟು ಕೊಡೋದು ಅಂತ ಆ ಕಡೆಗೂ ಈ ಕಡೆಗೂ ಜಗಳ ಹರಿದಿಲ್ಲ. ಒಂದು ಗೆರೆ ತಪ್ಪಿದ ಫೈಲು ಸಿಕ್ಕಿದ್ರೂ ಮುಚ್ಚಿಬಿಡಿ ಅಂತಿದ್ದಾರೆ. ಅಷ್ಟು ಉಳೀತಲ್ಲ ಅಂತ."

"ನೀವು ನೋಡ್ಲಿಲ್ಲ ಅಂತ..."

"ನನ್ನ ಮೇಲೆ ಇನ್ನಿಬ್ಬರು ನೋಡ್ತಾರೆ. ಈ ಫೋಟೋ ಪೇಪರಲ್ಲೂ ಬಂದಿತ್ತಲ್ವಾ?"

"ಬಂದಿತ್ತು. ಮೊದಲ್ನೇ ಪುಟ."

ಅವಳು ಫೈಲಿನಿಂದ ಅವನು ಸಹಿ ಹಾಕಿದ ಹಾಳೆ ಎಳೆದು ಎರಡಾಗಿ ಹರಿದು ಅವನ ಕೈಗಿಟ್ಟಳು. "ಸುಳ್ಳು ಸಹಿ ಅಂತ ಕೇಸು ಬೇರೆ ಬೇಡ. ನನ್ನ ಕೈಲಾಗೋದು ಇಷ್ಟೇ." ಕೋಟಿನ ಗುಂಡಿ ಹಾಕಿಕೊಳ್ಳುತ್ತ ಇನ್ನೊಮ್ಮೆ ಚಿತ್ರದತ್ತ ನೋಡಿದಳು. "ನಮ್ಮಪ್ಪನೂ ಹಾಗೇ ವೋಟು ಹಾಕಿದ್ದು. ಮನೇಲಿ ಆ ಮಾತು ಎತ್ತಲ್ಲ ನಾವು."

ಕಾರು ಇಳಿಜಾರಿನಲ್ಲಿ ಮರೆಯಾದ ಮೇಲೆ ಗೇನರ್ ಹೇಳಿದಳು, "ತಾರೀಖು ಬರೆದೋಳು ನಾನು. ಯಾರೂ ಬರಿ ಅಂದಿರ್ಲಿಲ್ಲ."

"ಬಿಚ್ಚಿದೋನು ನಾನು."

"ಟ್ಯೂಡರ್‌ಗೆ ಹೇಳ್ಬೇಕು."

"ಊಟ ಆಗ್ಲಿ, ಹೇಳ್ತೀನಿ. ಒಳಗಿರೋರಿಗೂ ನಾನೇ ಹೇಳ್ತೀನಿ."

ಗುರುವಾರದ ಊಟ ಮಾಂಸದುಂಡೆ ಮತ್ತು ಬಟಾಣಿ. ಕಿಟಕಿಯ ಗಾಜಿಗೆಲ್ಲ ಹಬೆ ಹಿಡಿದಿತ್ತು. ಗುರುವಾರ ಪೆನ್ಸಿಲು, ಪಟ್ಟಿ ಹಿಡಿದು ಮೇಜಿನಿಂದ ಮೇಜಿಗೆ ಹೋಗಿ ಮುಂದಿನ ವಾರ ಯಾರಿಗೆ ಏನು ಎಂದು ಬರೆದುಕೊಳ್ಳುವುದು ಅಧ್ಯಕ್ಷನ ಕೆಲಸ. ಹೇಡನ್ ಊಟದ ಮೇಜುಗಳ ಕಡೆ ಬಂದಾಗ ಪಟ್ಟಿ ಅಭ್ಯಾಸಬಲದಿಂದ ಕೈಯಲ್ಲೇ ಇತ್ತು. ಮಧ್ಯದಲ್ಲಿ ನಿಂತು ಎಲ್ಲರಿಗೂ ಒಟ್ಟಿಗೆ ಹೇಳಿಬಿಡಬೇಕೆಂದುಕೊಂಡ. ಚಮಚಗಳ ಸದ್ದು ನಿಲ್ಲಲಿ ಎಂದು ಕಾದ. ಅದು ನಿಲ್ಲಲಿಲ್ಲ.

ಬಾಗಿಲ ಬಳಿಯ ಮೇಜಿನಿಂದ ಓಲ್ವೆನ್ ಬೆಡ್ಡೋ ಅವನ ತೋಳು ಜಗ್ಗಿದಳು. ತೊಂಬತ್ತೊಂದು ವರ್ಷದವಳು, ಹೇಡನ್‌ಗೆ ಒಂದನೇ ಕ್ಲಾಸಿನ ಟೀಚರ್ ಆಗಿದ್ದವಳು.

"ಎಲ್ಲಿ ಹೋಗಿದ್ಯೋ? ಆಗಿಂದ ಕಾಯ್ತಿದ್ದೀನಿ. ಸೋಮವಾರ ಏನು?"

"ಸೋಮವಾರ..." ಅವನು ಬಗ್ಗಿದ. "ಟೀಚರ್, ಸೋಮವಾರದ ವಿಷಯ ಒಂದು ಹೇಳ್ಬೇಕಿತ್ತು."

"ಜೋರಾಗಿ ಹೇಳು. ಮೀನೋ, ಕುರಿಯೋ?"

ಅವಳು ಕಿವಿಗೆ ಕೈ ಹಿಡಿದು ಅವನ ತುಟಿಯನ್ನೇ ನೋಡುತ್ತಿದ್ದಳು. ತಟ್ಟೆಯಲ್ಲಿ ಒಂದು ಬಟಾಣಿಯೂ ಉಳಿದಿರಲಿಲ್ಲ.

"ಯಾವುದು ಬೇಕು ನಿಮಗೆ?" ಎಂದ ಹೇಡನ್.

"ಮೀನು. ಹೋದ ಸಲ ಗಂಟಲಿಗೆ ಸಿಕ್ಕೊಂಡು ಸಾಯೋ ಹಾಗಾಗಿತ್ತು. ಮುಳ್ಳು ತೆಗೆದು ಅಂತಾನೂ ಬರಿ."

ಅವನು ಬರೆದ. ಅವಳು ಪಟ್ಟಿಯನ್ನು ತನ್ನ ಕಡೆ ತಿರುಗಿಸಿಕೊಂಡು, ಕನ್ನಡಕ ಏರಿಸಿ, ಹೆಸರಿನ ಮುಂದೆ ಬರೆದದ್ದನ್ನು ಬೆರಳಿಟ್ಟು ಓದಿ, ಸರಿ ಎಂದು ತಲೆಯಾಡಿಸಿ ಹಿಂದಿರುಗಿಸಿದಳು. ಹೇಡನ್ ಪಕ್ಕದ ಮೇಜಿಗೆ ಹೋದ.