ಮೊದಲ ಮಿಂಚು

"ಅಲ್ಲಾಡ್ಬೇಡ ಅಂದ್ರೆ ಅಲ್ಲಾಡ್ತೀಯಲ್ಲೇ ಅಕ್ಕಾ!"

"ಉಸಿರಾದ್ರೂ ಆಡ್ಬಹುದಾ, ಅದೂ ಬೇಡ್ವಾ?"

"ಮೆಲ್ಲಗೆ ಆಡು."

ಅಕ್ಕ ಮೆಲ್ಲಗೆ ಉಸಿರಾಡಿದಳು. ಮೂರನೇ ಮಹಡಿಯ ಕ್ಯಾಮೆರಾ ಅಂಗಡಿ ಅದು. ಗೋಡೆಯಷ್ಟಗಲದ ಕಿಟಕಿಯ ಪಕ್ಕ ಎತ್ತರದ ಸ್ಟೂಲಿನ ಮೇಲೆ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಹಲ್ಲು ಕೀಳಿಸಿಕೊಳ್ಳಲು ಬಂದವಳಂತೆ ಕೂತಿದ್ದಳು. ತಂಗಿ ಹೊಸ ಲೆನ್ಸಿನ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿದಳು. ಅಕ್ಕನ ಹಿಂದಿದ್ದ ಬೀದಿ ಕರಗತೊಡಗಿತು. ಮೊದಲು ಎದುರು ಕಟ್ಟಡದ ಬೋರ್ಡಿನ ಅಕ್ಷರಗಳು ಹೋದವು, ಆಮೇಲೆ ಅದರ ಬಾಲ್ಕನಿಗಳು ಹೋದವು, ಬಸ್ಸುಗಳ ಕೆಂಪು ದೀಪಗಳು ಉಬ್ಬಿ ದುಂಡಗಾಗಿ ಎಲ್ಲೋ ನೀರಿನ ಮೇಲೆ ತೇಲತೊಡಗಿದವು. ಕೊನೆಗೆ ಉಳಿದದ್ದು ಅಕ್ಕನ ಮುಖ ಒಂದೇ. ರೆಪ್ಪೆಗೂದಲನ್ನು ಎಣಿಸಿಬಿಡಬಹುದಿತ್ತು, ಕಿವಿ ಮಾತ್ರ ಆಗಲೇ ಮಂಜಾಗಿತ್ತು. ಎಷ್ಟು ಚೆನ್ನಾಗಿದ್ದಾಳಲ್ಲ ಇವಳು ಅಂದುಕೊಳ್ಳುತ್ತಲೇ ತಂಗಿ ಗುಂಡಿ ಒತ್ತಿದಳು. ಫ್ಲಾಶ್ ಬಿತ್ತು.

"ಕಣ್ಣು ಮುಚ್ಚಿದೀನಾ?"

"ಇಲ್ಲ... ಸ್ವಲ್ಪ."

"ಸ್ವಲ್ಪ ಮುಚ್ಚೋದು ಅಂದ್ರೇನೇ? ಬಾಗಿಲಾ ಅದು?" ಎಂದಳು ಅಕ್ಕ. ಮುಚ್ಚಿದ್ದಳು. ಪೂರ್ತಿ ಮುಚ್ಚಿದ್ದಳು.

ಶುಕ್ರವಾರ ಅಕ್ಕನ ಮದುವೆ. ಐವತ್ತು ತುಂಬಿದ ಮೇಲೆ ಆಗುತ್ತಿರುವ ಮದುವೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದಿಷ್ಟು ಸಹಿ, ಬೆರಳೆಣಿಕೆಯ ಜನ, ಅಷ್ಟೇ. ಅಕ್ಕ ಗುಡ್ಡದ ಮೇಲಿನ ಹವಾಮಾನ ಕಚೇರಿಯಲ್ಲಿ ಮೋಡ ನೋಡಿ ಬರೆದಿಡುವವಳು. ಗಂಡು, ಆ ಗುಡ್ಡಕ್ಕೆ ಹೋಗುವ ಬಸ್ಸಿನ ಡ್ರೈವರ್. ಹನ್ನೊಂದು ವರ್ಷ ದಿನಾ ಬೆಳಿಗ್ಗೆ "ಇವತ್ತು ಮಳೆ ಬರುತ್ತಾ ಮೇಡಂ?" ಎಂದು ಕೇಳಿದ ಮನುಷ್ಯ, ಒಂದು ಬೆಳಿಗ್ಗೆ ಬೇರೆ ಪ್ರಶ್ನೆ ಕೇಳಿದ್ದರು. ಸುದ್ದಿ ಕೇಳಿ ತಂಗಿಯ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಇಪ್ಪತ್ತು ವರ್ಷದಿಂದ ಊರವರ ಮದುವೆಯ ಫೋಟೋ ತೆಗೆಯುತ್ತಿರುವವಳು, ಮನೆಯ ಮದುವೆ ಬಿಟ್ಟಾಳೆಯೇ? ಆದರೆ ಅಕ್ಕ ಫೋನಿನಲ್ಲಿ ತಣ್ಣಗೆ, "ಫೋಟೋಗೆ ಬೇರೆಯವರಿಗೆ ಹೇಳಿದ್ದೀನಿ ಕಣೇ. ನೀನು ಸುಮ್ನೆ ಬಂದು ಸಾಕ್ಷಿ ಸಹಿ ಹಾಕು, ಸಾಕು" ಅಂದುಬಿಟ್ಟಿದ್ದಳು. ಆ ಮಾತು ಮುರಿದ ಮುಳ್ಳಿನಂತೆ ಒಳಗೇ ಕೂತಿತ್ತು. ಯಾಕೆ ಎಂದು ತಂಗಿ ಕೇಳಲಿಲ್ಲ. ಯಾಕೆಂದು ಅವಳಿಗೆ ಗೊತ್ತಿತ್ತು.

ಅಕ್ಕನ ಕಣ್ಣು ತೆರೆದಿರುವ ಒಂದೂ ಫೋಟೋ ಆ ಮನೆಯಲ್ಲಿ ಇರಲಿಲ್ಲ. ಹುಟ್ಟುಹಬ್ಬ, ಗೃಹಪ್ರವೇಶ, ತಂಗಿಯ ಮದುವೆ, ಅಪ್ಪನ ನಿವೃತ್ತಿಯ ಸಮಾರಂಭ, ಎಲ್ಲದರಲ್ಲೂ ಅವಳು ನಿಂತೇ ನಿದ್ದೆ ಹೊಡೆಯುತ್ತಿದ್ದಳು. ಕಚೇರಿಯ ಗುರುತಿನ ಚೀಟಿಯಲ್ಲೊಂದು ತೆರೆದ ಕಣ್ಣಿತ್ತು, ಆದರೆ ಅದು ಹಿತ್ತಲಲ್ಲಿ ಕಳ್ಳನನ್ನು ಕಂಡವಳ ಕಣ್ಣು. ಮನೆಯವರೆಲ್ಲ ಅವಳಿಗೆ ನಿದ್ರಾದೇವಿ ಎಂದು ಹೆಸರಿಟ್ಟಿದ್ದರು. ಬರಬರುತ್ತಾ ಯಾರಾದರೂ ಕ್ಯಾಮೆರಾ ಎತ್ತಿದರೆ ಸಾಕು, ಅಕ್ಕ ಹಿಂದಿನ ಸಾಲಿಗೆ ಸರಿದು ಯಾರದಾದರೂ ಭುಜದ ಮರೆಗೆ ಹೋಗುತ್ತಿದ್ದಳು.

ಅದಕ್ಕಿಂತ ದೊಡ್ಡ ಮುಳ್ಳೊಂದಿತ್ತು. ತಂಗಿಗೆ ಹತ್ತೊಂಬತ್ತಾಗಿದ್ದಾಗ, ಕೆಲಸ ಕಲಿಯುತ್ತಿದ್ದ ಸ್ಟುಡಿಯೋದಿಂದ ಕ್ಯಾಮೆರಾ ಬೇಡಿ ತಂದು, ಆಗ ಬಂದಿದ್ದ ಸಂಬಂಧವೊಂದರ ಗಂಡಿನ ಮನೆಗೆ ಕಳಿಸಲು ಅಕ್ಕನ ಫೋಟೋ ತಾನೇ ತೆಗೆದಿದ್ದಳು. ಒಂದು ರೀಲು ಪೂರ್ತಿ. ತೊಳೆಸಿ ನೋಡಿದರೆ ಎಲ್ಲದರಲ್ಲೂ ಮುಚ್ಚಿದ ಕಣ್ಣು, ಒಂದರಲ್ಲಿ ಮಾತ್ರ ಅರ್ಧ ತೆರೆದದ್ದು. ಅದನ್ನೇ ಕಳಿಸಿದರು. ವಾರದಲ್ಲಿ ಫೋಟೋ ವಾಪಸ್ ಬಂತು, ಜೊತೆಗೆ ಒಂದು ಪ್ರಶ್ನೆಯೂ ಬಂತು: ಹುಡುಗಿಗೆ ಕಣ್ಣು ಕಾಣಿಸುತ್ತದೆ ತಾನೆ? ಮನೆಮಂದಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಕ್ಕನೂ ನಕ್ಕಳು. ಆಮೇಲೆ ಎಷ್ಟು ಹೇಳಿದರೂ ಸಂಬಂಧಕ್ಕೆಂದು ಇನ್ನೊಂದು ಫೋಟೋ ತೆಗೆಸಿಕೊಳ್ಳಲಿಲ್ಲ. ಬಂದ ಸಂಬಂಧಗಳನ್ನೆಲ್ಲ ಬೇಡ ಬೇಡ ಎನ್ನುತ್ತಾ ಗುಡ್ಡದ ಮೇಲಿನ ಕೆಲಸಕ್ಕೆ ಸೇರಿಬಿಟ್ಟಳು.

ಇವತ್ತು ಅವಳನ್ನು ಈ ಮೂರು ಮಹಡಿ ಹತ್ತಿಸಲು ತಂಗಿ ಹಸಿ ಸುಳ್ಳು ಹೇಳಿದ್ದಳು. ಕೆಲಸಕ್ಕೆ ಹೊಸ ಲೆನ್ಸ್ ನೋಡಬೇಕು, ಎದುರಿಗೆ ಕೂರಲು ಒಂದು ಮುಖ ಬೇಕು, ಅರ್ಧ ಗಂಟೆ ಬಾ ಅಂತ. ಒಂದೇ ಒಂದು ಫೋಟೋದಲ್ಲಿ ಅಕ್ಕ ಕಣ್ಣು ಬಿಟ್ಟರೆ ಸಾಕು, ಅದನ್ನು ತೋರಿಸಿ ಶುಕ್ರವಾರವನ್ನು ವಾಪಸ್ ಕೇಳಿಕೊಳ್ಳಬಹುದು ಎಂಬ ಆಸೆ.

"ಈ ಎಂಬತ್ತೈದರ ಲೆನ್ಸು ಮುಖಕ್ಕೇನೋ ಚಂದ," ಎಂದರು ಅಂಗಡಿಯ ಯಜಮಾನರು. ಊರಿನ ಫೋಟೋದವರೆಲ್ಲ ಅವರನ್ನು ಗಾಜಿನ ತಾತ ಎನ್ನುತ್ತಿದ್ದರು. ಬಿಳಿ ಬಟ್ಟೆಯ ತುಂಡು ಅವರ ಕೈ ಬಿಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಶುಕ್ರವಾರದ ಆಸೆಯನ್ನು ತಂಗಿ ಮೊದಲೇ ಅವರಿಗೆ ಹೇಳಿಟ್ಟಿದ್ದಳು, ಅಕ್ಕನಿಗೆ ಕೇಳಿಸದಂತೆ ಅವರು ದನಿ ತಗ್ಗಿಸಿದರು. "ಆದ್ರೆ ಆ ರಿಜಿಸ್ಟ್ರಾರ್ ರೂಮು ನಂಗೆ ಗೊತ್ತು. ಕಡತದ ಗೋಡೌನು ಅದು. ಇದಕ್ಕೆ ದೂರ ಬೇಕು, ತಗೊಂಡ್ ಹೋದ್ರೆ ನೀನು ಕಾರಿಡಾರಲ್ಲಿ ನಿಂತು ತೆಗೀಬೇಕು. ಐವತ್ತರದ್ದು ಹಾಕಿ ನೋಡು."

"ಮೂವತ್ತೈದರದ್ದು?"

"ಅದು ತೀರಾ ಅಗಲ ಹಿಡಿಯುತ್ತೆ, ಅಂಚಲ್ಲಿ ನಿಂತೋರ ತಲೆ ಸೋರೆಕಾಯಿ ಆಗುತ್ತೆ. ನಿಂಗೆ ಭಾವನೋರ ಮೇಲೆ ಸಿಟ್ಟಿದ್ರೆ ತಗೋ."

ತಂಗಿ ನಕ್ಕು ಐವತ್ತರ ಲೆನ್ಸ್ ಹಾಕಿದಳು. ಪುಟ್ಟದು, ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು. ಈಗ ಅಕ್ಕನ ಹತ್ತಿರ ಎರಡು ಹೆಜ್ಜೆ ಹೋಗಬೇಕಾಯಿತು. ಮಧ್ಯಾಹ್ನದ ಬಿಸಿಲು ಗಾಜಿನ ಕಪಾಟುಗಳಲ್ಲಿದ್ದ ನೂರಾರು ಲೆನ್ಸುಗಳ ಮೇಲೆ ಬಿದ್ದು, ಚಾವಣಿಯ ತುಂಬ ನೇರಳೆ ಹಸಿರು ಬೊಟ್ಟುಗಳು ನಡುಗುತ್ತಿದ್ದವು. ಕೆಳಗಿನ ಬೀದಿಯ ಸದ್ದು ಇಲ್ಲಿಗೆ ಬರುವಷ್ಟರಲ್ಲಿ ಯಾರೋ ಪಕ್ಕದ ಕೋಣೆಯಲ್ಲಿ ಮಾತಾಡಿಕೊಂಡಂತೆ ಮೆತ್ತಗಾಗಿತ್ತು. ಒಂದು ಹಸಿರು ಬೊಟ್ಟು ಅಕ್ಕನ ಕೆನ್ನೆಯ ಮೇಲಿಳಿದು, ಕೊರಳಿಗೆ ಬಂದು, ಅಲ್ಲೇ ಕೂತಿತು. ತಂಗಿಗೆ ತಾನು ಎಚ್ಚರವಿದ್ದೇನೋ ಇಲ್ಲವೋ ಎನಿಸಿತು. ಅಕ್ಕನಿಗೂ ಹಾಗೇ ಅನಿಸುತ್ತಿತ್ತೇನೋ, ಮುಖ ಸಡಿಲವಾಗಿತ್ತು, ಆಚೆಯ ಮೋಡವನ್ನೇ ನೋಡುತ್ತಿದ್ದಳು. ಇದೇ ಸಮಯ ಎಂದು ತಂಗಿ ಫ್ಲಾಶನ್ನು ಚಾವಣಿಗೆ ತಿರುಗಿಸಿ, "ಈ ಕಡೆ" ಎಂದು ಮೆಲ್ಲಗೆ ಕರೆದು, ಒತ್ತಿದಳು.

ಮುಚ್ಚಿದ್ದಳು.

"ಬಿಡೇ," ಅಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನನ್ ಹಣೆಬರಹ. ಮೊದಲ್ನೇದು ಬಂದ್ ತಕ್ಷಣ ತಾನಾಗೇ ಮುಚ್ಕೊಳತ್ತೆ. ಎರಡನೇದ್ರ ಹೊತ್ತಿಗೆ ತೆಗಿಯೋಕಾಗಲ್ಲ."

ಬಟ್ಟೆಯಲ್ಲಿ ಗಾಜು ಒರೆಸುತ್ತಿದ್ದ ತಾತನ ಕೈ ನಿಂತಿತು. "ಎರಡ್ನೇದು ಅಂದ್ರೆ? ಎರಡು ಕಾಣುತ್ತಾ ನಿಮ್ಗೆ?"

"ಎರಡೇ ಅಲ್ವಾ ಬರೋದು? ಮೊದ್ಲು ಸಣ್ಣದು, ಸೂಜಿ ಚುಚ್ಚಿದಷ್ಟು ಹೊತ್ತು. ಆಮೇಲೆ ದೊಡ್ಡದು."

"ಅಬ್ಬಾ! ನಲವತ್ತು ವರ್ಷದಲ್ಲಿ ಈ ಮಾತು ಹೇಳಿದೋರು ನೀವೇ ಮೊದಲು. ಉಳಿದೋರ ಕಣ್ಣಿಗೆ ಎರಡೂ ಸೇರಿ ಒಂದೇ."

"ದಿನಾ ಆಕಾಶ ನೋಡೋ ಕೆಲಸ ಸಾರ್ ನಂದು. ಮಿಂಚು ನೋಡಿ ನೋಡಿ ರೂಢಿ."

"ಆ ಮೊದಲ್ನೇದಿದೆಯಲ್ಲಮ್ಮ, ಅದು ಫೋಟೋಗಲ್ಲ. ಎಷ್ಟು ಬೆಳಕು ಬೇಕು ಅಂತ ಮಿಷನ್ನು ಒಂದು ಚಿಟಿಕೆ ಎಸೆದು ನೋಡ್ಕೊಳತ್ತೆ, ಅಷ್ಟೇ. ರೆಪ್ಪೆ ಚುರುಕಾಗಿರೋರು ಅದಕ್ಕೇ ಮುಚ್ಚಿಬಿಡ್ತಾರೆ. ಫೋಟೋ ಬೀಳೋದು ಎರಡನೇದ್ರಲ್ಲಿ. ಫ್ಲಾಶನ್ನ ಆಟೋದಿಂದ ತೆಗೆದು ಕೈಯಲ್ಲೇ ಅಳತೆ ಇಟ್ರೆ ಒಂದೇ ಬೀಳುತ್ತೆ, ಮುಗೀತು. ಇವ್ಳಿಗೆ ಗೊತ್ತಿರ್ಬೇಕಲ್ಲ!"

ತಂಗಿಗೆ ಗೊತ್ತಿತ್ತು. ಕೆಲಸ ಶುರು ಮಾಡಿದ ವರ್ಷವೇ ಓದಿಕೊಂಡಿದ್ದಳು. ಮೂರು ವರ್ಷದ ಹಿಂದೆ ಗಿರಾಕಿಯೊಬ್ಬರು, ದೊಡ್ಡ ವಕೀಲರು, ಮಗಳ ಮದುವೆಯಲ್ಲಿ ಪ್ರತಿ ಫೋಟೋದಲ್ಲೂ ಕಣ್ಣು ಮುಚ್ಚುತ್ತಿದ್ದರೆಂದು ಅಲ್ಲೇ ಆಟೋ ತೆಗೆದು, ಕೈಯಲ್ಲಿ ಅಳತೆ ಇಟ್ಟು ಸರಿಮಾಡಿದ್ದಳು. ಹತ್ತೊಂಬತ್ತರಲ್ಲಿ ಬೇಡಿ ತಂದ ಆ ಹಳೇ ಕ್ಯಾಮೆರಾದಲ್ಲೂ ಕಣ್ಣಿನ ಚಿತ್ರವಿದ್ದ ಒಂದು ಗುಂಡಿಯಿತ್ತು. ಕಣ್ಣು ಕೆಂಪಗೆ ಬೀಳದಿರಲೆಂದು ಅದು ಮೊದಲೇ ಎರಡು ಮೂರು ಸಲ ಮಿಣುಕುತ್ತಿತ್ತು. ಅಕ್ಕ ಚೆನ್ನಾಗಿ ಬರಲಿ ಅಂತ ಪ್ರೀತಿಯಿಂದ, ತನ್ನ ಕೈಯಾರೆ ಅದನ್ನು ಒತ್ತಿದ್ದಳು. ವಕೀಲರದು ತೊಂದರೆ, ಅಕ್ಕನದು ತಮಾಷೆ. ಇಷ್ಟು ವರ್ಷ ಅವಳ ತಲೆಯಲ್ಲಿ ಇದ್ದದ್ದು ಹಾಗೆ. ಅದನ್ನು ಈಗ ತಾನೇ ಬಾಯಿಬಿಟ್ಟು ಹೇಳಬೇಕಿತ್ತು.

"ಅಕ್ಕಾ, ನಂಗೆ ಗೊತ್ತಿತ್ತು ಕಣೇ."

"ಏನು?"

"ಈ ಮೊದಲ್ನೇ ಫ್ಲಾಶಿನ ವಿಷ್ಯ. ಬೇರೆಯವರಿಗೆ ಸರಿಮಾಡಿ ಕೊಟ್ಟಿದ್ದೀನಿ. ನಿಂಗೆ ಮಾಡ್ಬೇಕು ಅಂತ ಒಂದು ದಿನಾನೂ ಹೊಳೀಲಿಲ್ಲ. ನೀನು ಕಣ್ಣು ಮುಚ್ಚೋದು, ನಾವು ನಗೋದು, ಅಷ್ಟೇ ಆಗಿತ್ತು. ಆವತ್ತಿನ ಆ ರೀಲಲ್ಲೂ ತಪ್ಪು ನಂದೇ. ನಾನೇ ಗುಂಡಿ ಒತ್ತಿದ್ದೆ. ನಿನ್ ಕಣ್ಣಲ್ಲಿ ಏನೂ ಇರ್ಲಿಲ್ಲ ಕಣೇ."

ತಾತ ಏನೋ ನೆನಪಾದವರಂತೆ ಒಳಗಿನ ಕೋಣೆಗೆ ನಡೆದರು. ಅಕ್ಕ ಕೈಚೀಲದ ಜಿಪ್ಪನ್ನು ಸುಮ್ಮನೆ ಎಳೆದಳು, ಹಾಕಿದಳು.

"ಆ ಫೋಟೋ ವಾಪಸ್ ಬಂತಲ್ಲ," ಅಂದಳು ಕೊನೆಗೆ, ಕಿಟಕಿಯಾಚೆ ನೋಡುತ್ತಲೇ. "ಆಮೇಲೆ ದಿನಾ ಬಚ್ಚಲುಮನೆ ಬಾಗಿಲು ಹಾಕ್ಕೊಂಡು ಟಾರ್ಚು ಹಿಡ್ಕೊಂಡು ಕೂರ್ತಿದ್ದೆ. ನೇರ ಕಣ್ಣಿಗೇ ಬಿಟ್ಕೊಂಡು. ಮುಚ್ಚಬಾರ್ದು, ಮುಚ್ಚಬಾರ್ದು ಅಂತ. ನೀರು ಸುರಿಯೋದು. ಆದ್ರೂ ನೂರು ಎಣಿಸೋವರೆಗೂ ಮುಚ್ತಿರ್ಲಿಲ್ಲ ಗೊತ್ತಾ? ಗೆದ್ದೆ ಅಂತ ಆಚೆ ಬರ್ತಿದ್ದೆ. ನೀವು ಯಾರಾದ್ರೂ ಕ್ಯಾಮೆರಾ ಎತ್ತಿದ್ರೆ ಮತ್ತೆ ಅದೇ ಕಥೆ."

"ಎಷ್ಟು ದಿನ ಹಾಗ್ ಮಾಡ್ದೆ?"

"ದಿನ ಎಲ್ಲಿಂದ ಬಂತು. ವರ್ಷ ಅನ್ನು."

"ನಾವು ನಗೋವಾಗ ನೀನೂ ನಗ್ತಿದ್ಯಲ್ಲೇ..."

"ಮತ್ತೇನ್ ಮಾಡ್ಲಿ? ಎಲ್ರ ಮುಂದೆ ಅಳಲಾ?"

ತಂಗಿ ತಲೆ ತಗ್ಗಿಸಿದಳು. ಕ್ಯಾಮೆರಾದ ಪಟ್ಟಿಯನ್ನು ಕೊರಳಿಂದ ತೆಗೆದು ಚೀಲಕ್ಕೆ ಕೈಹಾಕಿದಳು. ಶುಕ್ರವಾರದ ಆಸೆ ಹೋಗಲಿ, ಇನ್ನು ಅಕ್ಕನ ಮುಖ ನೋಡುವುದಾದರೂ ಹೇಗೆ ಎಂಬ ಚಿಂತೆ ಹತ್ತಿತ್ತು.

"ಯಾಕೆ ಒಳಗಿಡ್ತಿದೀಯ?"

"ಸಾಕು ಬಿಡೇ. ಕೆಳಗೆ ಹೋಗಿ ಕಾಫಿ ಕುಡಿಯೋಣ."

"ಎತ್ತು ಅದನ್ನ."

"ಬೇಡ ಅಕ್ಕಾ."

"ಎತ್ತು ಅಂದೆ! ಒಂದೇ ಬರುತ್ತಲ್ಲ, ಆ ಥರ ಇಡು."

ತಂಗಿ ಆಟೋ ತೆಗೆದಳು. ಎಷ್ಟು ದೂರ, ಚಾವಣಿ ಎಷ್ಟು ಎತ್ತರ ಎಂದು ಕಣ್ಣಲ್ಲೇ ಅಳೆದು ಫ್ಲಾಶಿನ ಅಂಕಿ ಹೊಂದಿಸಿದಳು. ಒಂದು ಸಲ ತಪ್ಪಿತು, ಮತ್ತೆ ಹೊಂದಿಸಿದಳು. ಅಕ್ಕ ಕೈಚೀಲವನ್ನು ನೆಲಕ್ಕಿಟ್ಟು ನೆಟ್ಟಗೆ ಕೂತಳು. ತಂಗಿ ಎಣಿಸಲೂ ಇಲ್ಲ, ರೆಡಿ ಎನ್ನಲೂ ಇಲ್ಲ. ಒತ್ತಿದಳು. ಬಿಳಿ ಬೆಳಕು ಒಂದೇ ಸಲ ಚಾವಣಿಗೆ ಬಡಿದು ಮೆತ್ತಗೆ ಕೆಳಗಿಳಿಯಿತು.

ಪರದೆಯ ಮೇಲೆ ಅಕ್ಕ ಇದ್ದಳು. ಕಂದು ಕಣ್ಣು, ಅಗಲವಾದದ್ದು. ಎರಡರಲ್ಲೂ ಒಂದೊಂದು ಪುಟ್ಟ ಕಿಟಕಿ, ಕಿಟಕಿಯಲ್ಲಿ ಒಂದು ತುಂಡು ಮೋಡ. ತಂಗಿ ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟಳು. ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು ಬಾಗಿ ನೋಡಿದಳು. ಪರದೆ ತಾನಾಗಿ ಆರಿತು. ಮತ್ತೆ ಹೊತ್ತಿಸೆಂದು ಚಾಚಿದಳು. ಮತ್ತೆ ನೋಡಿದಳು.

"ಇಷ್ಟು ದೊಡ್ಡದಾ ನನ್ ಕಣ್ಣು?"

"ಹೂಂ ಕಣೇ."

"ಚೆನ್ನಾಗೇ ಇದೀನಲ್ಲೇ ನಾನು."

ತಂಗಿ ತಲೆಯಾಡಿಸಿದಳು. ಅಕ್ಕ ಕ್ಯಾಮೆರಾ ವಾಪಸ್ ಕೊಟ್ಟು, ಮೂಗೊರೆಸಿಕೊಂಡು, ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. "ಶುಕ್ರವಾರಕ್ಕೆ ಯಾವ ಲೆನ್ಸ್ ತರ್ತೀಯ?"

ಒಳಗಿನ ಕೋಣೆಯಿಂದ ತಾತನ ದನಿ ಬಂತು. "ಐವತ್ತರದ್ದೇ ತರ್ತಾಳಮ್ಮ!"

"ಸರಿ. ಇನ್ನೊಂದು ತೆಗಿ," ಅಂದಳು ಅಕ್ಕ.

ತೆಗೆದಳು. ಅದನ್ನು ಇಬ್ಬರೂ ನೋಡಿದರು. ಇನ್ನೊಂದು ಅಂದಳು. ಈ ಪಕ್ಕದಿಂದ ಅಂದಳು, ನಗದೆ ಒಂದು ಅಂದಳು, ನಕ್ಕು ಒಂದು. ಅರ್ಧ ಗಂಟೆಗೆ ಬಂದವಳು ಬಿಸಿಲು ಒಂದು ಕಪಾಟಿನಿಂದ ಇನ್ನೊಂದಕ್ಕೆ ದಾಟಿದರೂ ಸ್ಟೂಲಿನಿಂದ ಇಳಿಯಲಿಲ್ಲ. ತಾತ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಗಿರಾಕಿಗಳಿಗೆ ತೋರಿಸಲು ಅಂಗಡಿಯಲ್ಲಿಟ್ಟ ಫ್ಲಾಶಿನ ಸೆಲ್ಲು ಮುಗಿಸುತ್ತಿದ್ದೀರಿ ಎಂದು ಹೇಳಲಿಲ್ಲ. ಪ್ರತಿ ಸಲವೂ ಫ್ಲಾಶ್ ಮತ್ತೆ ತಯಾರಾಗಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಈ ಸಲ ಅದರೊಳಗಿನ ಸಣ್ಣ ಕೀರಲು ದನಿ ಏರುತ್ತಾ ಏರುತ್ತಾ, ಮುಗಿಯಲೇ ಇಲ್ಲ.

"ಸ್ವಲ್ಪ ಇರೇ, ಇನ್ನೂ ಬಂದಿಲ್ಲ," ಅಂದಳು ತಂಗಿ.

"ಬರ್ಲಿ," ಅಂದಳು ಅಕ್ಕ. ಅಲ್ಲೇ ಕೂತು, ರೆಪ್ಪೆ ಮಿಟುಕಿಸದೆ, ತಂಗಿಯನ್ನೇ ನೋಡುತ್ತಾ ಕಾದಳು.