ಒಳಖೋಲಿಯ ತೂಗುಸೇತುವೆ

ಬಾಗಿಲ ಮುಂದೆ ಗಾಡಿ ನಿಂತ ಸದ್ದಾದಾಗ ಗುರುಲಿಂಗಪ್ಪ ಹಲ್ಲಿನಲ್ಲಿ ನೂಲಿನ ತುದಿ ಕಚ್ಚಿಕೊಂಡಿದ್ದ. ಒಳಖೋಲಿಯ ಒಂದು ಗೋಡೆಯ ಮೊಳೆಯಿಂದ ಎದುರು ಗೋಡೆಯ ಮೊಳೆಗೆ ಸೊಂಟದೆತ್ತರದಲ್ಲಿ ದಾರ ಬಿಗಿದು, ಬಿದಿರಿನ ಸಣ್ಣ ಹಲಗೆಗಳನ್ನು ಕಟ್ಟುತ್ತ ಬಂದಿದ್ದ. ಹತ್ತಿ ಮಾರಲು ಗೋಕಾಕಕ್ಕೆ ಹೋದಾಗ ಜಲಪಾತದ ಬಳಿಯ ತೂಗುಸೇತುವೆಯ ಮೇಲೆ ಒಮ್ಮೆ ನಡೆದಿದ್ದ. ಅಂದಿನಿಂದ ಇದೇ ಹುಚ್ಚು. ಬೇರೆಡೆ ಎತ್ತಿಡೋಣವೆಂದರೆ ಆಗದು. ದಾರ ಬಿಚ್ಚಿದರೆ ಉಳಿಯುವುದು ಬರೀ ಕಡ್ಡಿ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವವರುಂಟು. ಈ ಮಹಾರಾಯ ಕೂಸು ಹುಟ್ಟಬೇಕಾದ ಜಾಗದಲ್ಲೇ ಸೇತುವೆ ಕಟ್ಟುತ್ತಿದ್ದ. ಯಮಕನಮರಡಿಯ ಆ ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಖೋಲಿ ಅದೊಂದೇ. ಬಾಣಂತನಗಳೆಲ್ಲ ಅಲ್ಲೇ ಆಗಿದ್ದವು. ಮಗಳು ಶಿವಗಂಗವ್ವನೂ ಅಲ್ಲೇ ಹುಟ್ಟಿದವಳು. ಈಗ ಅವಳು ಚೊಚ್ಚಲ ಬಸುರಿ. ಏಳು ತಿಂಗಳಲ್ಲೇ ತಂದೆ ಹುಕ್ಕೇರಿಯ ಗಂಡನ ಮನೆಗೆ ಹೋಗಿ ಅವಳನ್ನು ಕರೆತರಬೇಕಿತ್ತು.

"ಅಯ್ಯನೋರು ದಾರಿ ಛಲೋ ಇಲ್ಲ ಅಂದಾರ" ಎಂದು ಬೀಗರಿಗೆ ಹೇಳಿಕಳಿಸಿದ. ಎಂಟರಲ್ಲಿ ಬಸುರಿಯನ್ನು ಯಾರೂ ಊರು ದಾಟಿಸುವುದಿಲ್ಲ, ಹಾಗಾಗಿ ಸೇತುವೆಗೆ ಒಂದು ತಿಂಗಳು ಪುಕ್ಕಟೆ ಸಿಕ್ಕಿತು. ಒಂಬತ್ತು ಬಿದ್ದಾಗ ಮತ್ತೆ ಅದೇ ಮಾತು. ಪಂಚಾಂಗ ನೋಡುವ ಅಯ್ಯನವರನ್ನು ಅವನು ಕೇಳಿಯೇ ಇರಲಿಲ್ಲ. ಹೆಂಡತಿ ಯಮನವ್ವ ಮಾತ್ರ ಅದನ್ನು ನಂಬಿ, ದೋಷ ಕಳೆಯಲೆಂದು ಸೋಮವಾರ ಒಪ್ಪತ್ತು ಹಿಡಿದಿದ್ದಳು.

ಅವನು ಹೊರಗೆ ಬಂದಾಗ ಬೀಗ ಬಸವಣ್ಣೆಪ್ಪ ಸೊಸೆಯನ್ನು ಕೈಹಿಡಿದು ಗಾಡಿಯಿಂದ ಇಳಿಸುತ್ತಿದ್ದ. ಅವಳ ಕಾಲುಗಳು ಬಾತಿದ್ದವು. ಯಮನವ್ವ ನೀರು ತಂದು ಕಾಲಿಗೆ ಹಾಕಿದಳು.

"ಸಿಟ್ಟಾಗಬ್ಯಾಡ್ರಿ ಬೀಗರ" ಎಂದ ಬಸವಣ್ಣೆಪ್ಪ. "ದಾರಿದೋಷ ಕರ್ಕೊಂಡು ಹೋದಾವ್ರಿಗೇ ತಟ್ಟತೈತಿ ಅಂತಾರ. ಹೆತ್ತಾವ್ರು ನೀವು, ಅಂಜಿದ್ರಿ. ತಪ್ಪೇನಿಲ್ಲ. ಅದಕ್ಕ ನಾನ ಕರ್ಕೊಂಡು ಬಂದೆ. ಏನಾರ ಆಗೂದಿದ್ದರ ನನಗ ಆಗಲಿ. ನಂದೇನೈತಿ, ವಯಸ್ಸಾತು."

ಗುರುಲಿಂಗಪ್ಪನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಸುಳ್ಳು ಹೇಳಿದೆನೆಂದು ಒಂದು ಮಾತಿನಲ್ಲಿ ಹೇಳಿಬಿಡಬಹುದಿತ್ತು. ಬದಲಿಗೆ "ಹೂಂ" ಎಂದ. ಅಂದದ್ದಕ್ಕೆ ತನ್ನ ಮೇಲೇ ಹೇಸಿಕೆಯಾಯಿತು.

"ಒಳಗ ಹೋಗಿ ಅಡ್ಡಾಗವ್ವಾ" ಎಂದಳು ಯಮನವ್ವ. ಆಗ ಅವಳಿಗೂ ಖೋಲಿಯ ನೆನಪಾಗಿ ಗಂಡನ ಮುಖ ನೋಡಿದಳು. "ಇನ್ನೂ ತಗದಿಲ್ಲೇನ್ರಿ?"

ಅವನು ಅಡುಗೆಮನೆಗೆ ಓಡಿ ಚಾಕು ತಂದ. ಅಷ್ಟರಲ್ಲಿ ಮಗಳು ಖೋಲಿಯ ಹೊಸ್ತಿಲಲ್ಲಿ ನಿಂತಿದ್ದಳು.

"ನೀ ಮಾಡಿದ್ದಾ ಅಪ್ಪಾ ಇದು?"

"ತುಸು ಆಕಡೆ ಸರಿಯವ್ವಾ, ಕೊಯ್ದು ಒಗೀತೇನಿ. ಎರಡ ಮಿನಿಟು."

"ಬ್ಯಾಡಪ್ಪಾ! ಇಷ್ಟು ಚಂದ ಕಟ್ಟಿದ್ದು ಯಾಕ ಕೊಯ್ತಿ? ನನಗ ಅದರ ಆಚಿ ಮೂಲಿ ಸಾಕು. ನೀ ಮುಗಿಸು. ನಾ ಮಕ್ಕೊಂಡು ನೋಡತೇನಿ."

ಅಪ್ಪ ಬೇಡವೆನ್ನುವ ಮೊದಲೇ ಅವಳು ಬಾಗಹೋದಳು. ಹೊಟ್ಟೆ ಬಾಗಗೊಡಲಿಲ್ಲ. ಗೋಡೆ ಹಿಡಿದು ಮೊಣಕಾಲೂರಿ, ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಸೇತುವೆಯ ಕೆಳಗೆ ತೆವಳತೊಡಗಿದಳು. ನಡುವೆ ಅವಳ ತುರುಬು ತಾಗಿ ಹಲಗೆಗಳೆಲ್ಲ ಸಣ್ಣಗೆ ಅಲುಗಿದವು. ಅವಳು ತೆವಳುವುದನ್ನು ಅಲ್ಲೇ ನಿಲ್ಲಿಸಿ, ಉಸಿರು ಬಿಗಿಹಿಡಿದು, ಬೆವೆತ ಮುಖವನ್ನು ಮೆಲ್ಲಗೆ ಹೊರಳಿಸಿದಳು.

"ಅಪ್ಪಾ, ಏನೂ ಹರೀಲಿಲ್ಲಲ್ಲ?"