ತಾಂಡವಪುರದಲ್ಲಿ ಇಳಿಯುವವರು

ಚಕ್ರಪಾಣಿ ಮೇಷ್ಟ್ರು ನಂಜನಗೂಡಿನಲ್ಲಿ ಮೈಸೂರು ಬಸ್ಸು ಹತ್ತಿದರೆ ಮೈಸೂರು ತಲುಪುವುದು ಗ್ಯಾರಂಟಿಯಿರಲಿಲ್ಲ. ತಾಂಡವಪುರ ಬರುವಷ್ಟರಲ್ಲಿ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹೈಸ್ಕೂಲಿನ ಪ್ರಯೋಗಶಾಲೆಗೆ ಬೀಗ ಹಾಕಿದೆನೋ ಇಲ್ಲವೋ? ಸ್ಪಿರಿಟ್ ದೀಪ ಆರಿಸಿದೆನೋ ಇಲ್ಲವೋ? ತಡೆಯಲಾರದೆ ಇಳಿದುಬಿಡುತ್ತಿದ್ದರು. ಹಿಂದೆಯೇ ಹೆಂಡತಿ ಅಲಮೇಲುವೂ ಇಳಿಯಬೇಕು. ಕಂಡಕ್ಟರ್ ಕೇಳಿದರೆ, "ಇವಳಿಗೆ ತಲೆ ಸುತ್ತು ಕಣಪ್ಪಾ" ಎನ್ನುತ್ತಿದ್ದರು ಮೇಷ್ಟ್ರು, ಮುಖ ಗಂಭೀರ ಮಾಡಿಕೊಂಡು. ಆಹಾ, ಏನು ಧೈರ್ಯ!

ಎರಡು ವರ್ಷದಲ್ಲಿ ಆ ಸುಳ್ಳು ಊರಿಗೆಲ್ಲ ಹಬ್ಬಿತು. ಮೈಸೂರಿನ ನೆಂಟರ ಮೂರು ಮದುವೆ, ಒಂದು ಸೀಮಂತಕ್ಕೆ ಹೋಗುವುದು ತಪ್ಪಿತು. "ಗಾಬರಿ ಹೆಣ್ಣನ್ನ ನಮ್ಮ ತಲೆಗೆ ಕಟ್ಟಿದರು" ಎಂದು ಮೇಷ್ಟ್ರ ತಾಯಿ ಜಾನಕಮ್ಮ ಕಂಡಕಂಡವರ ಮುಂದೆ ಗೊಣಗಿದರು. ಕೊನೆಗೊಂದು ತೀರ್ಮಾನವನ್ನೂ ಮಾಡಿದರು. ಮೈಸೂರಿನ ಆಸ್ಪತ್ರೆಯಲ್ಲಿ ತಲೆಗೆ ಮೆಷಿನ್ನು ಇಟ್ಟು ನೋಡುತ್ತಾರಂತೆ. ಅದರಲ್ಲಿ ಕೆಟ್ಟದ್ದು ಬಂದರೆ ಸೊಸೆ ಟಿ. ನರಸೀಪುರದ ತವರಿಗೆ, ಮತ್ತೆ ಈ ಹೊಸ್ತಿಲು ತುಳಿಯುವ ಹಾಗಿಲ್ಲ. ಅವಳ ಅಣ್ಣ ಪ್ರಹ್ಲಾದನಿಗೆ ಕಾಗದವೂ ಹೋಯಿತು. ನಿಜ ಹೇಳಿದರೆ ಮರ್ಯಾದೆ ಹೋಗುತ್ತದೆಂದು ಮೇಷ್ಟ್ರು ತುಟಿ ಪಿಟಕ್ಕೆನ್ನಲಿಲ್ಲ.

ಎಂಬತ್ತಮೂರರ ಫೆಬ್ರವರಿಯಲ್ಲಿ ಆಸ್ಪತ್ರೆಗೆ ಹೊರಟ ಬೆಳಿಗ್ಗೆಯೂ ತಾಂಡವಪುರದಲ್ಲಿ ಇಳಿದರು! ವಾಪಸು ಹೋಗಿ, ಬೀಗ ಜಗ್ಗಿ ನೋಡಿ, ಮತ್ತೆ ಬಸ್ಸು ಹಿಡಿದು ಆಸ್ಪತ್ರೆ ಮುಟ್ಟುವಾಗ ಹನ್ನೊಂದೂವರೆ.

ಅಲ್ಲಿ ಒಬ್ಬ ಡಾಕ್ಟರು ಗಾಬರಿ, ಖಿನ್ನತೆ ಇರುವವರ ಮೆದುಳಿನ ಗ್ರಾಫು ತೆಗೆದು ಸಂಶೋಧನೆ ಮಾಡುತ್ತಿದ್ದರು. ಅಲಮೇಲುವಿನ ತಲೆಗೆ ಅಂಟು ಹಚ್ಚಿ ವೈರು ಕೂರಿಸಿ, ಕಣ್ಣು ಮುಚ್ಚಲು ಹೇಳಿದರು. ಮೆಷಿನ್ನಿನ ಪೆನ್ನುಗಳು ಕಾಗದದ ಮೇಲೆ ಒಂದೇ ಸಮನೆ ಅಲೆ ಬರೆದವು. ಯಾರೂ ಏನೂ ಕೇಳದೆ ಮಲಗಿಸಿದ್ದಕ್ಕೋ ಏನೋ, ಅವಳು ನಿದ್ದೆಗೇ ಜಾರಿದಳು. ಮುಗಿದ ಮೇಲೆ ಎಬ್ಬಿಸಿ ಕಿಟಕಿಯ ಪಕ್ಕ ಕೂರಿಸಿದರು.

"ಹೋಲಿಸೋಕೆ ಸರಿಯಾಗಿರೋರದೂ ಬೇಕು ಮೇಷ್ಟ್ರೇ, ನೀವು ಮಲಗಿ," ಎಂದರು ಡಾಕ್ಟರು.

"ನಾನಾ? ನನಗೇನಾಗಿದೆ?"

"ಏನೂ ಆಗಿಲ್ಲ ಅಂತಲೇ ಕರೆದದ್ದು."

ತಲೆಯ ಎಣ್ಣೆ ಹೋಗಲೆಂದು ಸ್ಪಿರಿಟ್ಟಿನಲ್ಲಿ ಒರೆಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ದೀಪ ನೆನಪಾಯಿತು. ಬೀಗ ಜಗ್ಗಿದೆ ಸರಿ, ಒಳಗೆ ದೀಪ ನೋಡಿದೆನೇ? ಪೆನ್ನುಗಳು ಪರಪರ ಕೆರೆಯತೊಡಗಿದವು.

"ಹಲ್ಲು ಕಚ್ಚಬೇಡಿ, ಸಡಿಲ ಬಿಡಿ."

"ಬಿಟ್ಟಿದ್ದೀನಲ್ಲ ಸ್ವಾಮೀ!"

ಡಾಕ್ಟರು ಕಾಗದ ಮಡಿಸಿದರು. "ಇದನ್ನ ನೋಡಿ ಯಾರಿಗೆ ಏನು ಕಾಯಿಲೆ ಅಂತ ಹೇಳೋಕಾಗಲ್ಲ. ನಾವೂ ಇನ್ನೂ ಕಲೀತಾ ಇದ್ದೀವಿ. ಅದಕ್ಕೇ ಬಾಯಲ್ಲೇ ಕೇಳ್ತೀನಿ, ಮನಸ್ಸಿಗೆ ಏನಾದರೂ ಕಾಟ ಇದೆಯಾ?"

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಯಾವಾಗಲೂ ಮಾತು ತೇಲಿಸಿ ಅವರನ್ನು ಉಳಿಸುತ್ತಿದ್ದವಳು ಇವತ್ತು ಕಿಟಕಿಯ ಆಚೆ ನೋಡುತ್ತಿದ್ದಳು.

"ಏನೂ ಇಲ್ಲ," ಎಂದರು ಮೇಷ್ಟ್ರು.

"ಯಾವುದಕ್ಕೂ ಮಂಗಳವಾರ ನೀವೊಂದು ಸಲ ಬನ್ನಿ."

ಮನೆಗೆ ಬಂದರೆ ಜಗಲಿಯ ಮೇಲೆ ಅಲಮೇಲುವಿನ ಟ್ರಂಕು, ಪಕ್ಕದಲ್ಲಿ ಪ್ರಹ್ಲಾದ.

"ಏನೋ ಪಾಣಿ, ಮೆಷಿನ್ನು ಏನು ಹೇಳ್ತು?" ಎಂದರು ಜಾನಕಮ್ಮ.

ಪ್ರಹ್ಲಾದ ತಂಗಿಯ ಮುಖ ನೋಡಲಾರದೆ ಟ್ರಂಕಿನ ಹಿಡಿಗೆ ಕೈಹಾಕಿದ. ಅದನ್ನು ಕಂಡು ಮೇಷ್ಟ್ರು ಮುಂದೆ ಬಂದು ಅವನ ಕೈ ಹಿಡಿದು ತಡೆದರು. ಛೀ, ನಾನೂ ಒಬ್ಬ ಗಂಡನೇ!

"ಗಾಬರಿ ಅವಳಿಗಲ್ಲಮ್ಮಾ, ನನಗೆ. ಮೊದಲಿಂದಲೂ ನನಗೇ. ತಲೆ ಸುತ್ತು ಅಂತ ನಾನೇ ಸುಳ್ಳು ಹೇಳಿದ್ದು."

ಅಲಮೇಲು ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಟ್ರಂಕನ್ನು ತಾನೇ ಎತ್ತಿಕೊಂಡಳು.

"ಇಷ್ಟು ಹೇಳೋಕೆ ಎರಡು ವರ್ಷ ಬೇಕಾಯ್ತೇನ್ರೀ? ಈಗ ನನ್ನ ಯಾರೂ ಕಳಿಸ್ತಿಲ್ಲ, ನಾನೇ ಹೋಗ್ತಿದೀನಿ. ಮಂಗಳವಾರ ಒಬ್ರೇ ಡಾಕ್ಟರ ಹತ್ರ ಹೋಗಿ. ತಾಂಡವಪುರ ದಾಟಿದ ಮೇಲೆ ನನ್ನ ಕರೆಯೋಕೆ ನರಸೀಪುರಕ್ಕೆ ಬನ್ನಿ."

ಮಂಗಳವಾರ ಬಸ್ಸು ತಾಂಡವಪುರದಲ್ಲಿ ನಿಂತಿತು. ಮೇಷ್ಟ್ರು ಬೆವೆತು ಎದ್ದು ನಿಂತರು. ಪಕ್ಕದ ಸೀಟು ಖಾಲಿಯಿತ್ತು.

"ಇಳೀತೀರಾ ಸಾ?" ಎಂದ ಕಂಡಕ್ಟರ್ ಬೆಟ್ಟಸ್ವಾಮಿ. "ಅಮ್ಮಾವ್ರು ಬಂದಿಲ್ವಲ್ಲ, ಇವತ್ತು ತಲೆ ಸುತ್ತು ಯಾರ್ಗೆ?"

ಬಸ್ಸಿನವರೆಲ್ಲ ತಿರುಗಿ ನೋಡಿದರು.

"ನನಗೇ ಕಣಪ್ಪಾ," ಎನ್ನುತ್ತ ಮೇಷ್ಟ್ರು ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದು ಕೂತರು. "ರೈಟ್ ಹೇಳು, ಹೋಗಲಿ."